ಚುಚ್ಚದೆ ಬಿಟ್ಟ ಮುದ್ದೆ

ಆ ಕಡ್ಡಿ ಈಗಲೂ ಗೇಟಿನ ಮೇಜಿನ ಮೇಲಿದೆ. ಹಳೆಯ ಕೊಡೆಯಿಂದ ಕಿತ್ತು, ತುದಿಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿಕೊಂಡ ಕಬ್ಬಿಣದ ಕಡ್ಡಿ. ಒಂದು ದಿನ ಅದನ್ನು ಬಳಸದೆ ಬಿಟ್ಟಿದ್ದಕ್ಕೆ ಒಬ್ಬನ ಜೀವ ಹೋಗುವುದರಲ್ಲಿತ್ತು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ವಿಚಾರಣಾ ಕೈದಿಗಳು ಬರುವ ಸಣ್ಣ ಜೈಲೊಂದರಲ್ಲಿ ನಾನು ವಾರ್ಡರ್. ಯಾವ ಊರಿನದೆಂದು ಹೇಳುವುದಿಲ್ಲ. ಹಬ್ಬದ ದಿನ ಮನೆಯಿಂದ ಊಟ ತರಲು ಅನುಮತಿ ಕೊಡುತ್ತೇವೆ. ಬಂದ ಪ್ರತಿ ಮುದ್ದೆಗೂ ಕಡ್ಡಿಯನ್ನು ಎರಡು ಕಡೆಯಿಂದ ಚುಚ್ಚುವುದು ನನ್ನ ಕೆಲಸ. ಹೆಬ್ಬೆರಳಿನಷ್ಟು ಸಣ್ಣ ಫೋನುಗಳು ಈಗ ಸಿಗುತ್ತವೆ. ಮುದ್ದೆಯೊಳಗೆ ಸುಲಭವಾಗಿ ಅಡಗುತ್ತವೆ. ಕಡ್ಡಿ ತಡೆಯಿಲ್ಲದೆ ಆಚೆ ಬಂದರೆ ಊಟ ಒಳಗೆ ಹೋಗುತ್ತದೆ.

ಪಿತೃಪಕ್ಷದ ಅಮಾವಾಸ್ಯೆಯ ದಿನ ತಾವರೆಕೆರೆ ಕಡೆಯಿಂದ ಒಬ್ಬ ತಾಯಿ ಬಂದರು. ಅವರ ಮಗ ಬದುವಿನ ಜಗಳದಲ್ಲಿ ದಾಯಾದಿಗೆ ಸಲಿಕೆಯ ಕಾವಿನಿಂದ ಹೊಡೆದ ಕೇಸಿನಲ್ಲಿ ಒಳಗಿದ್ದ. ಮೂವತ್ತು ದಾಟಿದವನು, ಮಾತು ಕಡಿಮೆ. ಬಾಳೆ ಎಲೆಯಲ್ಲಿ ಸುತ್ತಿದ ಮೂರು ಮುದ್ದೆ, ಡಬ್ಬಿಯಲ್ಲಿ ಹುರುಳಿಕಾಳಿನ ಸಾರು ತಂದಿದ್ದರು. ನಾನು ಕಡ್ಡಿ ಎತ್ತಿದೆ.

"ಚುಚ್ಬ್ಯಾಡಿ ಸಾಮಿ. ಎಡೆಗಿಟ್ಟಿದ್ದು. ಅವ್ರಪ್ಪುಂಗೆ ಇಟ್ಟು ಅಂಗೇ ತಂದ್ಬುಟ್ಟೆ."

ನಮ್ಮ ಮನೆಯಲ್ಲೂ ಹಿರಿಯರ ಎಡೆಗೆ ಕಬ್ಬಿಣ ತಾಗಿಸುವುದಿಲ್ಲ. ಸತ್ತವರಿಗೆ ಇಟ್ಟದ್ದನ್ನು ಮನೆಯವರು ಕೈಯಲ್ಲೇ ಮುರಿದು ತಿನ್ನಬೇಕು. ಆ ಬೆಳಿಗ್ಗೆ ನಾನೂ ನನ್ನ ಅಪ್ಪನಿಗೆ ಎಡೆ ಇಟ್ಟು ಡ್ಯೂಟಿಗೆ ಬಂದಿದ್ದೆ. ಸಾರನ್ನು ಸೌಟಿನಿಂದ ಕಲಕಿ ನೋಡಿದೆ. ಮುದ್ದೆಗಳನ್ನು ಚುಚ್ಚದೆ ಕಳಿಸಿದೆ. ಆಕೆ ನನ್ನ ಮುಖ ನೋಡಲಿಲ್ಲ. ಗಂಡನ ನೆನಪು ಇರಬೇಕು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಬ್ಯಾರಕ್ಕಿನ ಬಚ್ಚಲ ಮೋರಿಯಲ್ಲಿ ಒಂದು ಇಡೀ ಮುದ್ದೆ ಚೂರು ಚೂರಾಗಿ ಬಿದ್ದಿತ್ತು. ನಮ್ಮ ಕಡೆ ಯಾರೂ ಮುದ್ದೆಯನ್ನು ಹಾಗೆ ಚೆಲ್ಲುವುದಿಲ್ಲ. ಚೂರುಗಳ ನಡುವೆ ಹಿಟ್ಟು ಮೆತ್ತಿದ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಇತ್ತು. ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ಹಿಂದಿನ ದಿನ ಚುಚ್ಚದೆ ಒಳಗೆ ಹೋದದ್ದು ಆ ತಾಯಿ ತಂದ ಮೂರು ಮುದ್ದೆ ಮಾತ್ರ.

ಅಧಿಕಾರಿಯ ಬಳಿ ಹೋಗಿ, ಒಳಗೆ ಫೋನ್ ಇದೆ, ಮೋರಿಯಲ್ಲಿ ಕವರ್ ಸಿಕ್ಕಿತು ಎಂದೆ. ಯಾರ ಮುದ್ದೆಯಲ್ಲಿ ಬಂತು ಎಂದು ಹೇಳಲಿಲ್ಲ. ಹೇಳಿದ್ದರೆ ಆ ಮಗನನ್ನು ತಪಾಸಣೆಗೆ ಮೊದಲೇ ಬೇರೆ ಕೋಣೆಗೆ ಹಾಕುತ್ತಿದ್ದರು, ಅವನು ಯಾರ ಕೈಗೂ ಸಿಗುತ್ತಿರಲಿಲ್ಲ. ಹೇಳಿದ್ದರೆ ನಾನು ಚುಚ್ಚದೆ ಬಿಟ್ಟಿದ್ದೂ ಹೊರಬರುತ್ತಿತ್ತು. ಈ ಎರಡೂ ಮಾತು ಆಗಲೇ ನನ್ನ ತಲೆಯಲ್ಲಿದ್ದವು. ಆಮೇಲೆ ಹೊಳೆದದ್ದು ಎಂದು ಬರೆದರೆ ಸುಳ್ಳಾಗುತ್ತದೆ.

ತಪಾಸಣೆ ನಡೆಯಿತು. ಪಾಯಿಖಾನೆಯ ಸಡಿಲವಾದ ಕಲ್ಲಿನ ಕೆಳಗೆ ಫೋನ್ ಸಿಕ್ಕಿತು. ಯಾರೂ ಅದು ತಮ್ಮದು ಅನ್ನಲಿಲ್ಲ. ಅಧಿಕಾರಿ ಅದನ್ನು ತೆಗೆದುಕೊಂಡು ಠಾಣೆಗೆ ದೂರು ಕೊಡಲು ಹೋದರು.

ಫೋನ್ ಯಾರಿಗಾಗಿ ಬಂದಿತ್ತೆಂದು ಒಳಗಿನವರಿಗೆಲ್ಲ ಗೊತ್ತಿತ್ತು. ಪಾವಗಡ ಕಡೆಯ ಒಬ್ಬ ಎತ್ತರದ ಆಳು, ಕೊಲೆ ಕೇಸಿನವನು. ಸಾಕ್ಷಿಗಳನ್ನು ಒಳಗಿನಿಂದಲೇ ಹೆದರಿಸಲು ಅವನಿಗೆ ಫೋನ್ ಬೇಕಿತ್ತು.

ಮಧ್ಯಾಹ್ನದ ಊಟ ಬಡಿಸಿ, ಬ್ಯಾರಕ್ಕಿಗೆ ಬೀಗ ಹಾಕಿ, ಇನ್ನೊಬ್ಬ ವಾರ್ಡರ್ ಪಾತ್ರೆಗಳ ಜೊತೆ ಅಡುಗೆಮನೆಗೆ ಹೋದ. ಕಂಬಿಗಳ ಈಚೆ ನಾನೊಬ್ಬನೇ ಇದ್ದೆ. ಎತ್ತರದವನು ತಟ್ಟೆ ಖಾಲಿ ಮಾಡಿದ, ತೊಳೆದ, ಒರೆಸಿದ. ಎದ್ದು ಬಂದು ಊಟ ಮಾಡುತ್ತಿದ್ದ ಆ ಮಗನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಚೆಪ್ಪರಾ, ಹೇಳ್ಲಾ. ಯಾರ್ಗೆ ಹೇಳ್ದೆ?"

"ನಾನ್ ಹೇಳಿಲ್ಲ ಕಣಣ್ಣ. ನಮ್ಮವ್ವನಾಣೆ."

"ತಂದಿದ್ದೇ ನಿಮ್ಮವ್ವ ಕಣ್ಲಾ. ಅವಳ ಮ್ಯಾಲೇ ಆಣೆ ಇಕ್ತೀಯಾ?"

ಇಬ್ಬರು ಮೂವರು ನಕ್ಕರು. ಆ ನಗು ನಿಲ್ಲುವ ಮೊದಲೇ ತಟ್ಟೆಯ ಅಂಚು ಅವನ ಹುಬ್ಬಿನ ಮೇಲೆ ಬಿತ್ತು. ರಕ್ತ ಮೊದಲು ಬರಲಿಲ್ಲ. ಬಿಳಿ ಗೆರೆಯೊಂದು ಕಾಣಿಸಿತು, ಆಮೇಲೆ ಅದು ತುಂಬಿ ಇಳಿಯಿತು. ಎರಡನೆಯ ಏಟು ಕಿವಿಗೆ. ಮೂರನೆಯದಕ್ಕೆ ಅವನು ಅಡ್ಡ ಹಿಡಿದ ಕೈಯ ಮೂಳೆ ಒಣ ಕಡ್ಡಿ ಮುರಿದ ಹಾಗೆ ಸದ್ದು ಮಾಡಿತು. ಅವನ ಬಾಯಲ್ಲಿ ಇನ್ನೂ ತುತ್ತು ಇತ್ತು.

ನಾನು ಸೀಟಿ ಊದಿದೆ. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಒಳಗೆ ಹೊಡೆದಾಟ ನಡೆಯುವಾಗ ಒಬ್ಬನೇ ಬಾಗಿಲು ತೆರೆಯಬಾರದು ಎಂಬುದು ನಿಯಮ. ಒಳಗೆ ಮೂವತ್ತಕ್ಕೂ ಹೆಚ್ಚು ಜನ. ನಿಯಮ ಸರಿಯಾದದ್ದೇ. ಆದರೆ ನಾನು ನಿಂತದ್ದು ನಿಯಮಕ್ಕಲ್ಲ, ಭಯಕ್ಕೆ.

"ಹೇಳ್ಲಾ, ಯಾರ್ಗೆ ಹೇಳ್ದೆ?"

ನಾಲ್ಕನೆಯ ಏಟು ಎಡಗಣ್ಣಿನ ಮೇಲೆ ಬಿತ್ತು. ಆಗ ನಾನು ಕಂಬಿ ಹಿಡಿದುಕೊಂಡು ಹೇಳಿದೆ, "ಅವನಲ್ಲ. ಹೇಳಿದ್ದು ನಾನು."

ಎತ್ತರದವನು ತಿರುಗಿ ನೋಡಿದ. ಅವನ ಅಂಗಿಯ ತೋಳಿನ ಮೇಲೆ ರಾಗಿಯೂ ರಕ್ತವೂ ಅಂಟಿಕೊಂಡಿದ್ದವು. "ನೀವು ಒಳ್ಳೇವ್ರು ಬುಡಿ ಸಾರ್," ಎಂದ ಮೆತ್ತಗೆ. "ಇವ್ನ ಉಳ್ಸಕ್ಕೆ ನೀವ್ಯಾಕೆ ಸುಳ್ಳು ಹೇಳ್ತೀರಾ."

ತಟ್ಟೆ ಬಿಸಾಡಿ, ಕೂದಲು ಹಿಡಿದು ಅವನ ತಲೆಯನ್ನು ಗೋಡೆಗೆ ಬಡಿದ. ಮತ್ತೆ ಬಡಿದ. ಸುಣ್ಣದ ಗೋಡೆಯ ಮೇಲೆ ಒಂದೇ ಜಾಗದಲ್ಲಿ ಗುರುತು ದೊಡ್ಡದಾಗುತ್ತಾ ಹೋಯಿತು. ಅಡುಗೆಮನೆಯಿಂದ ಜನ ಓಡಿಬಂದು ನಾವು ಬಾಗಿಲು ತೆರೆಯುವ ಹೊತ್ತಿಗೆ ಆರು ಸಲ ಆಗಿತ್ತು. ನಾನು ಎಣಿಸಿದ್ದೆ. ಯಾಕೆ ಎಣಿಸಿದೆನೋ ಗೊತ್ತಿಲ್ಲ.

ಅವನು ಬದುಕಿದ. ಎಡಗಣ್ಣು ಹೋಯಿತು. ಎತ್ತರದವನನ್ನು ದೊಡ್ಡ ಜೈಲಿಗೆ ಸಾಗಿಸಿದರು.

ಆ ಮಗನಿಗೆ ಪ್ರಜ್ಞೆ ಬಂದ ದಿನ ನಾನು ಹೇಳಿಕೆ ಬರೆದುಕೊಟ್ಟೆ: ಮುದ್ದೆ ಚುಚ್ಚಲಿಲ್ಲ, ಯಾರದೆಂದು ಗೊತ್ತಿದ್ದೂ ಹೇಳಲಿಲ್ಲ. ಆ ತಾಯಿಯ ಮೇಲೂ ಕೇಸಾಗಿ ಜಾಮೀನು ಸಿಕ್ಕಿತು. ಎತ್ತರದವನ ಕಡೆಯವರು ಆಕೆಯ ಮನೆಗೆ ಹೋಗಿ, ಈ ಫೋನನ್ನು ಒಳಗೆ ಮುಟ್ಟಿಸದಿದ್ದರೆ ನಿನ್ನ ಮಗನನ್ನು ಅಲ್ಲೇ ಮುಗಿಸುತ್ತೇವೆ ಎಂದಿದ್ದರಂತೆ. ನನಗೆ ನೋಟಿಸ್ ಬಂದಿದೆ. ಬೇರೆ ಆಳಿಲ್ಲದ್ದರಿಂದ ವಿಚಾರಣೆ ಮುಗಿಯುವ ತನಕ ಅದೇ ಗೇಟು.

ಆಸ್ಪತ್ರೆಯಿಂದ ಮಗ ವಾಪಸು ಬಂದ ಮೇಲೆ ದೀಪಾವಳಿಗೆ ಆಕೆ ಮತ್ತೆ ಬಂದರು. ಬಾಳೆ ಎಲೆ ಬಿಚ್ಚಿ ಮೇಜಿನ ಮೇಲಿಟ್ಟರು. ಎರಡೇ ಮುದ್ದೆ. ನನಗೆ ಕೈ ಏಳಲಿಲ್ಲ. ಆಕೆಯೇ ಕಡ್ಡಿ ಎತ್ತಿ ನನ್ನ ಕಡೆ ಚಾಚಿದರು.

"ಚುಚ್ಚಿ ಸಾಮಿ."

ನಾನು ಕಡ್ಡಿ ತೆಗೆದುಕೊಂಡೆ, ಚುಚ್ಚಲಿಲ್ಲ.

"ಅವತ್ತು ನೀವು ಚುಚ್ಚಿದ್ರೆ ನಾನು ಸಿಕ್ಕಾಕ್ಕಳ್ತಿದ್ದೆ. ಅವ್ನ ಕಣ್ಣಿರ್ತಿತ್ತು. ಚುಚ್ಚಿ."

ಮೊದಲ ಮುದ್ದೆಯನ್ನು ಎರಡು ಕಡೆಯಿಂದ ಚುಚ್ಚಿದೆ. ಎರಡನೆಯದನ್ನೂ ಚುಚ್ಚಿದೆ. ಕಡ್ಡಿ ತಡೆಯಿಲ್ಲದೆ ಆಚೆ ಬಂತು. ಆಕೆ ತೂತುಗಳನ್ನು ಒದ್ದೆ ಬೆರಳಿನಿಂದ ಒಂದೊಂದಾಗಿ ಸವರಿ ಮುಚ್ಚಿ, ಎಲೆ ಮಡಿಸಿ, ನನ್ನ ಕೈಗೆ ಕೊಟ್ಟರು.