ಮಾವನ ಕೆಂಪು ರಿಂಗು, ನನ್ನ ಹಳದಿ ರಿಂಗು

ನನ್ನ ಮಾವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ವರ್ಷ ಕಳೆದಂತೆ ಎಲ್ಲ ತಣ್ಣಗಾಗುತ್ತದೆ ಎನ್ನುವವರು ಅಂಥ ಮಾವನ ಕೈಗೆ ಸಿಕ್ಕವರಲ್ಲ. ಬೇರೆ ಅಳಿಯಂದಿರು ಮಾವನ ಜೊತೆ ಹೊಲಕ್ಕೋ ಬಂಗಾರಕ್ಕೋ ಕಿತ್ತಾಡುತ್ತಾರೆ. ನಾವು ಕಿತ್ತಾಡಿದ್ದು ಸಣ್ಣ ಉದ್ದಿನವಡೆಯ ಆಕಾರದ ಒಂದು ರಿಂಗಿಗೆ, ಅದರ ಮೇಲೆ ಸುತ್ತಿದ ತಾಮ್ರದ ತಂತಿಗೆ.

ನಾನಾಗ ಹಗರಿಬೊಮ್ಮನಹಳ್ಳಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಊರಿಗೆ ಮೊದಲು ಬಂದ ಕಂಪ್ಯೂಟರುಗಳು ಆಗಲೇ ಕೆಟ್ಟು ಗುಜರಿ ಸೇರತೊಡಗಿದ್ದ ಕಾಲ. ಕಚೇರಿ ಮುಗಿದ ಮೇಲೆ ಕಾಯಿಲ್ ಸುತ್ತುವುದು, ರೇಡಿಯೊ ಕಟ್ಟುವುದು ನನ್ನ ಹುಚ್ಚು. ಮಾವ ಕೊಟ್ಟೂರಿನಲ್ಲಿ ನಿವೃತ್ತ ವಿಜ್ಞಾನ ಮೇಷ್ಟ್ರು, ಅವರಿಗೂ ಅದೇ ಹುಚ್ಚು. ಹೆಣ್ಣು ನೋಡಲು ಹೋದ ದಿನ ಅವರು ನನ್ನ ಸಂಬಳ ಕೇಳಲಿಲ್ಲ, ರೇಡಿಯೊ ಬಿಚ್ಚಿ ಮುಂದಿಟ್ಟರು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತೇ ಇದ್ದಳು. ನಾವಿಬ್ಬರೂ ತಲೆ ಎತ್ತಲಿಲ್ಲ. ಮದುವೆ ಹೀಗೆ ಕುದುರಿತು.

ಮೊದಲ ವರ್ಷ ನಮ್ಮದು ಭಾರೀ ಗೆಳೆತನ. ಕರೆಂಟಿನ ಏರಿಳಿತವನ್ನು ತಡೆಯುವ ಕಾಯಿಲಿನ ತಾಕತ್ತಿಗೆ ಇಂಡಕ್ಟೆನ್ಸ್ ಎನ್ನುತ್ತಾರೆ, ಅದನ್ನು ಅಳೆಯುವ ಮೀಟರೊಂದನ್ನು ನಾನೇ ಕಟ್ಟಿ ಅವರಿಗೆ ಕೊಟ್ಟೆ. ಅದನ್ನೇ ಹಿಡಿದು ಅವರು ಮುಂದೆ ನನ್ನ ಮಾನ ತೆಗೆಯುತ್ತಾರೆಂದು ಗೊತ್ತಿದ್ದರೆ ಕೊಡುತ್ತಿರಲಿಲ್ಲ.

ಹೆಂಡತಿ ಚೊಚ್ಚಲ ಹೆರಿಗೆಗೆ ಕೊಟ್ಟೂರಿಗೆ ಹೋದಳು. ಹೆಣ್ಣು ಕೂಸು ಹುಟ್ಟಿತು. ಐದನೇ ತಿಂಗಳಿಗೆ ತಾಯಿಯನ್ನೂ ಮಗುವನ್ನೂ ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸುವುದು ಪದ್ಧತಿ. ಐದಾಯಿತು, ಆರಾಯಿತು, ಏಳಕ್ಕೆ ಬಿತ್ತು. ಪ್ರತಿ ಭಾನುವಾರ ನಾನು ಬಸ್ ಹತ್ತಿ ಹೋಗುವುದು, ಮಾವ ಪಂಚಾಂಗ ತೆಗೆಯುವುದು. ಒಮ್ಮೆ ಆಷಾಢ, ಒಮ್ಮೆ ಅಮಾವಾಸ್ಯೆ, ಒಮ್ಮೆ ಕೂಸಿಗೆ ಹಲ್ಲು ಬರುವ ಜ್ವರ. ವಿಜ್ಞಾನ ಕಲಿಸಿದ ಮನುಷ್ಯನಿಗೆ ಇದ್ದಕ್ಕಿದ್ದಂತೆ ತಿಥಿ ನಕ್ಷತ್ರದ ಮೇಲೆ ಇಷ್ಟು ಭಕ್ತಿ ಎಲ್ಲಿಂದ ಬಂತು? ನನ್ನ ಮನೆ ಖಾಲಿ ಹೊಡೆಯುತ್ತಿತ್ತು. ಹೋಟೆಲ್ ಊಟ ಉಂಡು ಹೊಟ್ಟೆ ಕೆಟ್ಟಿತ್ತು. ನನಗೆ ಹೆಂಡತಿ ಬೇಕಿತ್ತು, ಈ ಮುದುಕ ಕೊಡುತ್ತಿರಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ಇಷ್ಟೇ.

ಆ ದಿನಗಳಲ್ಲಿ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದಕ್ಕೆ ಲೆಕ್ಕವಿರಲಿಲ್ಲ. ಮಾವ ಒಂದು ಬ್ಯಾಟರಿಯಿಂದಲೇ ಸಣ್ಣ ಟ್ಯೂಬ್‌ಲೈಟನ್ನೂ ರೇಡಿಯೊವನ್ನೂ ನಡೆಸುತ್ತಿದ್ದರು. ಲೈಟು ಹಾಕಿದರೆ ಸಾಕು, ರೇಡಿಯೊದಲ್ಲಿ ಗುಂಯ್ ಎಂದು ಶುರುವಾಗುತ್ತಿತ್ತು. ಧಾರವಾಡದ ವಾರ್ತೆ ಆ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ಲೈಟಿನ ತಂತಿಯಲ್ಲಿ ಒಂದು ಒಳ್ಳೆಯ ಕಾಯಿಲ್ ಕೂರಿಸಿದರೆ ಆ ಗದ್ದಲ ಬ್ಯಾಟರಿಗೆ ವಾಪಸು ಹರಿಯದಂತೆ ತಡೆಯಬಹುದು. ಮಾವ ಒಂದಾದ ಮೇಲೊಂದು ಕಾಯಿಲ್ ಸುತ್ತಿ ಕೂರಿಸಿದರು. ಗುಂಯ್ ಎನ್ನುವುದು ನಿಲ್ಲಲಿಲ್ಲ.

ಅವರ ಡಬ್ಬಿಯಲ್ಲಿ ರಿಂಗುಗಳು ಬೇಕಾದಷ್ಟಿದ್ದವು. ಆದರೆ ಎಲ್ಲವೂ ಕೆಂಪು. ರಿಂಗಿನ ಅಂಚಿಗೆ ತಂತಿಯ ಮೇಲಿನ ವಾರ್ನಿಷ್ ಕೆತ್ತಿಹೋಗಬಾರದೆಂದು, ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಳಿಯುವ ಪೇಂಟು ತಂದು ಎಲ್ಲದಕ್ಕೂ ಬಳಿದಿದ್ದರು. ರಿಂಗು ಯಾವ ಜಾತಿಯದು ಎಂದು ತಿಳಿಯುವುದೇ ಅದರ ಮೂಲ ಬಣ್ಣದಿಂದ. ಕೊಂಬಿನ ಬಣ್ಣ ಬಿದ್ದ ಮೇಲೆ ಪಿಂಗಾಣಿಯಂತೆ ಸುಟ್ಟು ಮಾಡಿದ ಫೆರೈಟ್ ಯಾವುದು, ಕಬ್ಬಿಣಪುಡಿಯದು ಯಾವುದು, ದೇವರಿಗೇ ಗೊತ್ತು. ಅದಕ್ಕೆ ಮಾವ ಎಲ್ಲದರ ಮೇಲೂ ಒಂದೇ ತಂತಿ, ಅಷ್ಟೇ ಸುತ್ತು ಹಾಕಿ ಮೀಟರಿಗೆ ಹಚ್ಚುವರು, ಮುಳ್ಳು ಜಾಸ್ತಿ ಏರಿದ್ದನ್ನು ಆರಿಸುವರು. ಅಲ್ಲೇ ಅವರು ಎಡವಿದ್ದು.

ಕಾಯಿಲ್ ಸುತ್ತುವವರೆಲ್ಲ ಮೊದಮೊದಲು ಸುತ್ತನ್ನೇ ನಂಬುತ್ತಾರೆ. ಸುತ್ತು ಎರಡರಷ್ಟಾದರೆ ಇಂಡಕ್ಟೆನ್ಸ್ ನಾಲ್ಕರಷ್ಟಾಗುತ್ತದೆ, ಅದು ನಿಜ. ಆದರೆ ಒಳಗಿನ ರಿಂಗು ಯಾವುದರಿಂದ ಮಾಡಿದ್ದು ಎನ್ನುವುದು ಅದಕ್ಕಿಂತ ದೊಡ್ಡ ಮಾತು. ಫೆರೈಟ್ ರಿಂಗು ಕಾಂತಶಕ್ತಿಗೆ ಸಲೀಸು ದಾರಿ. ನಾಲ್ಕು ಸುತ್ತು ಹಾಕಿದರೂ ಮುಳ್ಳು ಹಾರುತ್ತದೆ. ಆದರೆ ಅದು ಬೇಗ ತುಂಬಿಹೋಗುತ್ತದೆ. ಲೈಟು ಉರಿಯುವಷ್ಟು ಕರೆಂಟು ಒಂದೇ ಸಮನೆ ಹರಿಯತೊಡಗಿದರೆ ಅದರ ಇಂಡಕ್ಟೆನ್ಸ್ ಕುಸಿದು ಬೀಳುತ್ತದೆ, ಕಾಯಿಲ್ ಇದ್ದೂ ಇಲ್ಲದಂತೆ. ಕಬ್ಬಿಣಪುಡಿಯನ್ನು ಒತ್ತಿ ಮಾಡಿದ ರಿಂಗಿನಲ್ಲಿ ಕಣಕಣದ ನಡುವೆ ಸಣ್ಣ ಸಂದಿಗಳಿರುತ್ತವೆ. ಅದಕ್ಕೇ ಮೀಟರಿನಲ್ಲಿ ಅದು ಬಡಪಾಯಿ, ಅದಕ್ಕೇ ಕರೆಂಟು ಹರಿದರೂ ಅದು ಸೋಲುವುದಿಲ್ಲ. ಮೀಟರ್ ಅಳೆಯುವಾಗ ಕಾಯಿಲಿನಲ್ಲಿ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅದು ಈ ಗುಟ್ಟನ್ನು ಹೇಳುವುದೇ ಇಲ್ಲ.

ಇದನ್ನು ನಾನು ಮಾವನಿಗೆ ತಿಳಿಸಿ ಹೇಳಿದೆ. ಅವರು ಮೀಟರನ್ನು ನನ್ನ ಮುಂದೆ ಸರಿಸಿದರು.

"ಇದು ನೀವ ಕಟ್ಟಿ ಕೊಟ್ಟದ್ದಲ್ಲೇನ್ರಿ ಅಳಿಯಾರ? ಈಗ ಇದು ಸುಳ್ಳು ಹೇಳತೈತೇನು?"

ನಮ್ಮ ಕಡೆ ಅಳಿಯನಿಗೆ ಬಹುವಚನ ತಪ್ಪುವುದಿಲ್ಲ, ಮರ್ಯಾದೆ ಕಳೆಯುವಾಗಲೂ ಮರ್ಯಾದೆಯಿಂದಲೇ ಕಳೆಯುತ್ತಾರೆ. ಅತ್ತೆ ನನಗೆ ಮೊದಲ ರೊಟ್ಟಿ ಬಡಿಸುವರು, ಅದರ ಮೇಲೆ ಮಾವ ನನ್ನ ಕಾಲೇಜಿನ ಮೇಷ್ಟ್ರುಗಳನ್ನು ಆಡಿಕೊಳ್ಳುವರು. ನಾನೂ ಸುಮ್ಮನಿರುವ ಗಿರಾಕಿಯಲ್ಲ. ಕೊಂಬಿನ ಬಣ್ಣ ರಿಂಗಿಗಷ್ಟೇ ಅಲ್ಲ, ಕೆಲವರ ತಲೆಗೂ ಬಳಿದಿದೆ ಎಂದುಬಿಟ್ಟೆ. ಅತ್ತೆಯ ಕೈಯಲ್ಲಿದ್ದ ಪಲ್ಯದ ಸೌಟು ಅಲ್ಲೇ ನಿಂತಿತು. ಹೆಂಡತಿ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಮಾವ ಕೈ ತೊಳೆದು ಬಂದು, ಒಂದೊಂದೇ ಮಾತನ್ನು ಎಣಿಸುವವರಂತೆ ಹೇಳಿದರು.

"ಈ ಗುಂಯ್ ಅನ್ನೋದು ನಿಲ್ಲಿಸ್ರಿ. ಅವತ್ತ ಮಗಳ್ನ ತೊಟ್ಲಾ ಸಮೇತ ಕಳಸ್ತೀನಿ."

ನನಗೆ ಅಷ್ಟೇ ಬೇಕಿತ್ತು. ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡಿನ ಹತ್ತಿರ ಟಿವಿ ರಿಪೇರಿ ಮಾಡುವ ಸಾಬರ ಅಂಗಡಿಯಿತ್ತು. ಅವರು ಗುಜರಿ ಕಂಪ್ಯೂಟರಿನ ಪವರ್ ಸಪ್ಲೈ ಒಡೆದು, ಒಂದು ಮುಖ ಬಿಳಿ, ಉಳಿದದ್ದು ಹಳದಿ ಇದ್ದ ಕಬ್ಬಿಣಪುಡಿಯ ರಿಂಗೊಂದನ್ನು ತೆಗೆದುಕೊಟ್ಟರು. ವಾರವಿಡೀ ಕಚೇರಿಯ ಮೇಜಿನ ಕೆಳಗೆ ಅದಕ್ಕೆ ದಪ್ಪ ತಂತಿ ಸುತ್ತಿದೆ. ಒಂದೊಂದು ಸುತ್ತಿಗೂ ಮಾವನಿಗೆ ಒಂದೊಂದು ಬೈಗುಳ. ಹೊಲಸು ಖುಷಿಯಾಗಿತ್ತು ನನಗೆ.

ಭಾನುವಾರ ಮಧ್ಯಾಹ್ನ ಕೊಟ್ಟೂರಿಗೆ ಹೋದವನು ಚಪ್ಪಲಿ ಬಿಟ್ಟು ನೆಟ್ಟಗೆ ಮಾವನ ಮೇಜಿಗೆ ನಡೆದೆ. ಹೆಂಡತಿ ನೀರಿನ ತಂಬಿಗೆ ತಂದಳು, ಅಲ್ಲೇ ಇಡು ಎಂದೆ. ಮಾವ ನನ್ನ ಕಾಯಿಲನ್ನು ಮೀಟರಿಗೆ ಹಚ್ಚಿ, ಮುಳ್ಳು ತುಸುವಷ್ಟೇ ಅಲ್ಲಾಡಿದ್ದನ್ನು ನೋಡಿ ಮೀಸೆಯಲ್ಲೇ ನಕ್ಕರು. ನಾನು ಅವರ ಕೆಂಪು ಕಾಯಿಲ್ ಕಿತ್ತು ನನ್ನದನ್ನು ಬೆಸುಗೆ ಹಾಕಿದೆ. ರೇಡಿಯೊ ಹಚ್ಚಿದೆ. ಆಮೇಲೆ ಲೈಟು.

ಧಾರವಾಡದಿಂದ ಯಾರೋ ಶೇಂಗಾದ ರೋಗದ ಬಗ್ಗೆ ಮಾತಾಡುತ್ತಿದ್ದರು. ಒಂದೊಂದು ಅಕ್ಷರವೂ ಕೇಳಿಸಿತು. ಮಾವ ಲೈಟು ಆರಿಸಿದರು, ಹಚ್ಚಿದರು, ಮತ್ತೆ ಆರಿಸಿದರು, ಮತ್ತೆ ಹಚ್ಚಿದರು. ಕಿವಿಯನ್ನು ರೇಡಿಯೊಗೆ ಒತ್ತಿ ಹಿಡಿದರು. ಅವರು ಸುಳ್ಳು ಹೇಳಲಿ, ಹಿಡಿದು ಜಾಡಿಸುತ್ತೇನೆ ಎಂದು ನಾನು ಹಲ್ಲು ಕಚ್ಚಿ ಕಾದಿದ್ದೆ. ಆದರೆ ಅವರು ಸುಳ್ಳು ಹೇಳಲಿಲ್ಲ.

"ನಿಂತತ್ರಿ," ಎಂದರು. "ನೀವ ಗೆದ್ರಿ."

ನಾನು ಒಳಗೆ ತಿರುಗಿ, ಬಟ್ಟೆ ಕಟ್ಟು, ಐದರ ಬಸ್ಸಿಗೆ ಹೋಗೋಣ ಎಂದು ಕೂಗಿದೆ. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ನನ್ನ ಕಡೆ ನೋಡಲಿಲ್ಲ, ಅಪ್ಪನ ಕಡೆ ನೋಡಿದಳು.

"ಆ ಗುಂಯ್ ಅನ್ನೋದು ನನಗಿನ್ನೂ ಕೇಳಸ್ತೈತಪ್ಪ," ಎಂದಳು.

ಮಾವ ತಲೆ ತಗ್ಗಿಸಿದರು. ಏನು ಕೇಳಿಸುತ್ತೆ ನಿನಗೆ, ಕಿವಿ ಕೆಟ್ಟಿದೆಯಾ ಎಂದು ನಾನು ರೇಗಿದೆ. ಅವಳ ದನಿ ಏರಲಿಲ್ಲ. ಆಷಾಢ, ಅಮಾವಾಸ್ಯೆ, ಹಲ್ಲಿನ ಜ್ವರ ಎಲ್ಲವನ್ನೂ ಅಪ್ಪನಿಗೆ ಹೇಳಿಕೊಟ್ಟವಳು ತಾನೇ ಎಂದಳು. ಅಪ್ಪ ಮೂರು ಸಲ ಹೋಗೆಂದರೂ ತಾನೇ ಒಲ್ಲೆನೆಂದಳಂತೆ. ಆ ಮನುಷ್ಯ ನನ್ನ ಕೈಲಿ ಅಷ್ಟು ಬೈಸಿಕೊಂಡರೂ ಇದನ್ನು ಬಾಯಿ ಬಿಟ್ಟಿರಲಿಲ್ಲ. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಇಬ್ಬರೂ ಸೇರಿ ನನ್ನನ್ನು ಮಂಗ ಮಾಡಿದ್ದೀರಿ ಎಂದು ಕಿರುಚಿದೆ. ಯಾಕೆ ಬರಲ್ಲ, ನಾನೇನು ಹೊಡೆದಿದ್ದೇನಾ, ಕುಡಿದಿದ್ದೇನಾ, ಹೇಳು ಎಂದೆ.

"ಬಂದು ಎಷ್ಟೊತ್ತಾತ್ರಿ?" ಎಂದಳು. "ಕೂಸಿನ ಮುಖ ನೋಡೀರೇನು?"

ಬೈಯಲು ಬಾಯಿ ತೆರೆದವನು ತೊಟ್ಟಿಲ ಕಡೆ ತಿರುಗಿದೆ. ಅದು ಖಾಲಿಯಿತ್ತು. ಕೂಸು ಹಿತ್ತಲಲ್ಲಿ ಅತ್ತೆಯ ಹೆಗಲ ಮೇಲಿತ್ತು, ಎಷ್ಟು ಹೊತ್ತಿನಿಂದ ಅಳುತ್ತಿತ್ತೋ ನನಗೆ ಗೊತ್ತಿಲ್ಲ.