ಅಟ್ಟ ಸೇರಿದ ಫುಟ್‌ಸ್ಟೆಪ್

ಲಗ್ಗೆರೆಯ ನಮ್ಮ ಮನೆಯ ಅಟ್ಟದ ಮೇಲೆ, ದಸರಾ ಗೊಂಬೆಗಳ ಪೆಟ್ಟಿಗೆಗೂ ಕೆಟ್ಟುಹೋದ ಮಿಕ್ಸಿಗೂ ನಡುವೆ, ಆರೇಳು ತಿಂಗಳ ಕಾಲ ಒಂದು ಜೊತೆ ಫುಟ್‌ಸ್ಟೆಪ್ಪುಗಳು ಮಲಗಿದ್ದವು. ಜೀಪು ಹತ್ತುವವರು ಕಾಲಿಡಲೆಂದು ಕಂಪನಿಯವರೇ ಬಾಗಿಲ ಕೆಳಗೆ ಕೂರಿಸಿ ಕೊಟ್ಟಿದ್ದ, ಅಂದಚೆಂದವೇನೂ ಇಲ್ಲದ ಕಪ್ಪು ಕಬ್ಬಿಣದ ಪಟ್ಟಿಗಳು. ಅವನ್ನು ಬಿಚ್ಚಿಸಿ ಅಟ್ಟಕ್ಕೇರಿಸಿದವನು ನಾನೇ. ಆ ಕಥೆಯನ್ನು ನಿಮ್ಮೆದುರು ಹೇಳಿಬಿಟ್ಟರೆ ಎದೆ ಒಂದಿಷ್ಟು ಹಗುರಾದೀತೇನೋ ಎಂಬ ಆಸೆ ನನ್ನದು.

ನನ್ನ ಬಾಳಿನ ಮೊದಲ ಜೀಪು ಅದು. ಕೊಂಡದ್ದು ಅಕ್ಕನಿಗಾಗಿ, ಹಾಗೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತಳಾದ ಅಕ್ಕ ನಮ್ಮ ಜೊತೆಗೇ ಇದ್ದಾಳೆ. ನಾನು ಓದಿದ್ದು ಅವಳ ಸಂಬಳದಲ್ಲಿ. ಆ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಒಂದೇ ಬೆಂಚಿನಲ್ಲಿ ಅವಳ ಪಕ್ಕ ಕೂತವರು ಸರೋಜಕ್ಕ. ಅವರು ನಿವೃತ್ತಿಯ ನಂತರ ಮಾಗಡಿಯಾಚೆ ತಮ್ಮನ ತೋಟದ ಮನೆ ಸೇರಿ, ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದರು. ಫೋನಿನಲ್ಲಿ ಅವರ ತೊದಲು ಮಾತು ಅರ್ಥವಾಗುತ್ತಿರಲಿಲ್ಲ. ಆ ಮನೆಗೆ ಕೊನೆಯ ಎರಡು ಮೈಲಿ ಬರೀ ಕೊರಕಲು ದಾರಿ, ನಡುವೆ ಒಂದು ಹಳ್ಳ. ಆಟೋದವರು ಬರುವುದಿಲ್ಲ, ಅಕ್ಕನ ಮಂಡಿ ನಡೆಯಗೊಡುವುದಿಲ್ಲ. "ಒಂದ್ಸಲ ಸರೋಜನ್ನ ನೋಡ್ಕೊಂಡು ಬಂದ್ಬಿಟ್ರೆ ಸಾಕು ಕಣೋ" ಎಂದಳು. ಐವತ್ತು ದಾಟಿದ ಮೇಲೂ ಜೀಪಿನ ಚಪಲ ಬಿಡದ ನನಗೆ ಹೆಂಡತಿಯೆದುರು ಇಂಥದೊಂದು ನೆಪವೇ ಬೇಕಾಗಿತ್ತು.

ಯುಗಾದಿಗೆ ಜೀಪು ಬಂತು. ಹೇಗಿತ್ತೋ ಹಾಗೆಯೇ ಹೊರಟಿದ್ದರೆ ಮರುದಿನವೇ ಹಳ್ಳ ದಾಟಿ ಹೋಗಿಬರಬಹುದಿತ್ತು. ಆದರೆ ಬಿಡಿಭಾಗದ ಅಂಗಡಿಯಾತ ಗಾಡಿಯನ್ನೊಮ್ಮೆ ಸುತ್ತಿ ಬಂದು, "ಹೊಸ ಗಾಡೀನ ಹಿಂಗೇ ಬೋಳ್‌ಬೋಳಾಗಿ ಓಡಿಸ್ತೀರಾ ಸಾರ್?" ಎಂದ. ಆ ಮಾತು ನಾಟಿತು. ಒಂದು ಭಾನುವಾರ ಅಗಲವಾದ ಬಂಪರ್ ಬಂತು. ಇನ್ನೊಂದಕ್ಕೆ, ಕೆಸರಿನಲ್ಲಿ ಹೂತರೆ ಎಳೆದುಕೊಳ್ಳಲು ಉಕ್ಕಿನ ಹಗ್ಗ ಸುತ್ತಿದ ವಿಂಚು. ಮತ್ತೊಂದಕ್ಕೆ, ನೀರಿನಲ್ಲಿಯೂ ಇಂಜಿನ್ನು ಉಸಿರಾಡಲೆಂದು ಆನೆಯ ಸೊಂಡಿಲಿನಂಥ ಕೊಳವೆ. ಕೊನೆಗೆ ದೊಡ್ಡ ಟೈರು ಹಾಕಿಸಿ ಗಾಡಿಯನ್ನೇ ಮೇಲೆತ್ತಿಸಿದೆ. ಮೂಗಿಗಿಂತ ಮೂಗುತಿ ಭಾರವಾಯಿತು. "ಫುಟ್‌ಸ್ಟೆಪ್ ಕಲ್ಲಿಗೆ ತಗಲುತ್ತೆ ಸಾರ್, ತೆಗೆಸ್ಬಿಡಿ. ಲುಕ್ಕೂ ಸಕ್ಕತ್ತಾಗಿರುತ್ತೆ" ಎಂದ ಅಂಗಡಿಯಾತ. ತೆಗೆಸಿಬಿಟ್ಟೆ.

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸದವನು. ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮಾಲನ್ನು ಹಿಂದಕ್ಕೆ ಕಳಿಸುವವನು. ಜೀಪಿನ ಹೊಟ್ಟೆ ನೆಲದಿಂದ ಎಷ್ಟು ಎತ್ತರ, ಎಷ್ಟು ಆಳದ ನೀರಿಗೆ ಇಳಿಯಬಲ್ಲದು, ಎಲ್ಲವನ್ನೂ ಟೇಪು ಹಿಡಿದು ಅಳೆದಿದ್ದೆ. ಅಕ್ಕನ ಕಾಲು ಎಷ್ಟೆತ್ತರ ಏಳಬಲ್ಲದು ಎಂಬುದೊಂದನ್ನು ಅಳೆದಿರಲಿಲ್ಲ.

ಅದು ತಿಳಿದದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ. ಗಂಜಿ ಹಾಕಿದ ಸೀರೆಯುಟ್ಟು, ಸರೋಜಕ್ಕನಿಗೆಂದು ತಾನೇ ಕರಿದ ಕೋಡುಬಳೆಯ ಡಬ್ಬಿ ಹಿಡಿದು ಅಕ್ಕ ಜೀಪಿನ ಬಾಗಿಲ ಬಳಿ ನಿಂತಳು. ಕಾಲೆತ್ತಿದಳು, ಇಳಿಸಿದಳು. ಹೆಂಡತಿ ಒಳಗಿನಿಂದ ಸ್ಟೂಲು ತಂದಿಟ್ಟಳು. ಅಕ್ಕ ಅದರ ಮೇಲೆ ನಿಂತದ್ದೇ ಅದು ಅಲುಗಾಡಿ, ಅವಳು ನನ್ನ ಹೆಗಲು ಹಿಡಿದು ಕೆಳಗಿಳಿದುಬಿಟ್ಟಳು. "ಗಾಡಿ ಚೆನ್ನಾಗಿದೆ ಕಣೋ, ನನ್ನ ಕಾಲೇ ಸರಿಯಿಲ್ಲ. ಇನ್ನೊಂದ್ಸಲ ಹೋಗೋಣ ಬಿಡು" ಎಂದು ಡಬ್ಬಿಯೊಡನೆ ಒಳಗೆ ಹೋದಳು. ಕೋಡುಬಳೆಯನ್ನು ನಾವೇ ತಿಂದೆವು.

ಅಂದೇ ಅಟ್ಟ ಹತ್ತಬಹುದಿತ್ತು. ಹತ್ತಲಿಲ್ಲ. ಯಾಕೆಂದು ಹೇಳಲು ನಾಚಿಕೆಯಾಗುತ್ತದೆ. ಆಯುಧಪೂಜೆಯ ದಿನ ಪೀಣ್ಯದಲ್ಲಿ ಪ್ರತಿ ಕಾರ್ಖಾನೆಯ ಅಂಗಳದಲ್ಲೂ ಯಂತ್ರಗಳಿಗೆ ಪೂಜೆಯಾದ ಮೇಲೆ ನೌಕರರ ಗಾಡಿಗಳು ಸಾಲಾಗಿ ನಿಲ್ಲುತ್ತವೆ, ಎಲ್ಲರೂ ಎಲ್ಲರ ಗಾಡಿಗಳನ್ನೂ ನೋಡುತ್ತಾರೆ. ಆ ಸಾಲಿನಲ್ಲಿ ನನ್ನ ಜೀಪು ಅಂಗಡಿಯಾತ ಹೇಳಿದ ಆ 'ಲುಕ್ಕಿ'ನಲ್ಲೇ ನಿಲ್ಲಬೇಕಾಗಿತ್ತು. "ಪೂಜೆ ಒಂದಾಗ್ಲಿ ಅಕ್ಕ, ಆಮೇಲೆ ಮೆಟ್ಲು ಹಾಕಿಸ್ತೀನಿ" ಎಂದೆ. ಅವಳು ಹೂಂ ಎಂದಳು. ಪೂಜೆಯೂ ಆಯಿತು, ಚಕ್ರಗಳಡಿಯ ನಿಂಬೆಹಣ್ಣು ಪಚಕ್ಕೆಂದು ಅಪ್ಪಚ್ಚಿಯಾದವು, ಗೆಳೆಯರು ಬಂಪರಿಗೊರಗಿ ಫೋಟೋ ತೆಗೆಸಿಕೊಂಡರು.

ಮೂರನೆಯ ದಿನ ಸರೋಜಕ್ಕನ ತಮ್ಮನ ಫೋನು ಬಂತು. ಹಿಂದಿನ ದಿನವೇ ಮಣ್ಣು ಮಾಡಿ ಎಲ್ಲ ಮುಗಿಸಿಬಿಟ್ಟಿದ್ದರು. ಅಕ್ಕ ಫೋನು ಕೆಳಗಿಟ್ಟು, "ಕೋಡುಬಳೆ ಅಂದ್ರೆ ಅವಳಿಗೆ ಪ್ರಾಣ" ಎಂದಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ ಮರುದಿನ ಅಟ್ಟ ಹತ್ತಿದೆ. ಪೀಣ್ಯದ ವೆಲ್ಡಿಂಗ್ ಶೆಡ್ಡಿನಲ್ಲಿ ಆ ಪಟ್ಟಿಗಳಿಗೆ ಗೇಣುದ್ದದ ಕಬ್ಬಿಣ ಸೇರಿಸಿ, ಇನ್ನಷ್ಟು ತಗ್ಗಿಸಿ ಕೂರಿಸಿಕೊಟ್ಟರು. ನಾನು ಎರಡು ಲೋಟ ಟೀ ಕುಡಿಯುವುದರೊಳಗೆ ಕೆಲಸ ಮುಗಿದಿತ್ತು.

ಆ ಭಾನುವಾರ ಅಕ್ಕನನ್ನು ಕರೆದೆ. ಅವಳು ಎಡಗಾಲನ್ನು ಫುಟ್‌ಸ್ಟೆಪ್ಪಿನ ಮೇಲಿಟ್ಟು, ಯಾರ ಕೈಯನ್ನೂ ಹಿಡಿಯದೆ, ಸಲೀಸಾಗಿ ಹತ್ತಿ ಕೂತು ಸೆರಗು ಸರಿಪಡಿಸಿಕೊಂಡಳು.

"ಚೆನ್ನಾಗಿ ಮಾಡ್ಸಿದೀಯ ಕಣೋ. ಎಲ್ಲಿಗೆ ಹೋಗೋಣ ಈಗ?"

ಸೊಂಡಿಲು, ವಿಂಚು, ಬಂಪರುಗಳನ್ನೆಲ್ಲ ಹೊತ್ತ ಜೀಪಿನಲ್ಲಿ ಮುಂದಿನ ಬೀದಿಯ ಮಾರ್ಕೆಟ್ಟಿಗೆ ಹೋಗಿ, ಎರಡು ಕಟ್ಟು ಸೊಪ್ಪು ತಂದೆವು.