ಮೊಹ್ಸಿನ್ ಭಾಯ್ ಮತ್ತು ನೀಲಿ ಸರ್ಜನ್ ಮೀನು

ಶಿವಾಜಿನಗರದಲ್ಲಿ ಕಡಲಿನ ಬಣ್ಣಬಣ್ಣದ ಮೀನುಗಳ ಅಂಗಡಿ ಇಟ್ಟಿರುವ ಮೊಹ್ಸಿನ್ ಭಾಯ್ ಗಿರಾಕಿಗಳನ್ನು ಬೈದು ಓಡಿಸುವುದರಲ್ಲಿ ಎತ್ತಿದ ಕೈ. ದಿನಾ ಬೆಳಿಗ್ಗೆ ಉಪ್ಪುನೀರು ಕಲಸಿ, ಮೀಟರನ್ನು ನಂಬದೆ ನಾಲಿಗೆಗೆ ಹಚ್ಚಿ ನೋಡುತ್ತಾರೆ. ಯಾರಾದರೂ ನೀಲಿ ಸರ್ಜನ್ ಮೀನು ಕೇಳಿದರೆ ಸಾಕು, "ನಿಮ್ ಟ್ಯಾಂಕ್ ಎಷ್ಟಡಿ? ಎರಡಾ? ಅದ್ರಲ್ಲಿ ಸೊಪ್ಪು ತೊಳೀರಿ. ಹವಳದ ಬಂಡೆ ಸುತ್ತ ದಿನವಿಡೀ ಈಜೋ ಜೀವ ಸ್ವಾಮಿ ಇದು. ಬಾಲದ ಬುಡದಲ್ಲಿ ಚಾಕು ಇಟ್ಕೊಂಡಿದೆ, ರೇಗಿದ್ರೆ ಬೀಸತ್ತೆ" ಎಂದು ಗದರುತ್ತಾರೆ. ಇಂದಿರಾನಗರದ ವಿಮಲಾಕ್ಷಿ ಮೇಡಂ ಮಾತ್ರ ಮೂರು ಸಲ ಬೈಸಿಕೊಂಡು, ಆರಡಿಯ ಟ್ಯಾಂಕ್ ಮಾಡಿಸಿ, ಮೀನನ್ನು ಗೆದ್ದುಕೊಂಡು ಹೋದರು. ಆ ದಿನವೆಲ್ಲ ಭಾಯ್ ಯಾರನ್ನೂ ಬೈಯಲಿಲ್ಲ. ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೀನಿನ ಮೇವಾದ ಕಡಲಪಾಚಿಯ ಪೊಟ್ಟಣ ಹಿಡಿದು ಮೇಡಂ ಬಾಗಿಲಲ್ಲಿ ನಿಂತಿದ್ದರು. "ಇದೇನ್ ಭಾಯ್, ನಿನ್ನೆ ತಾನೇ ಮೀನಿನ ಜೊತೆ ಒಂದು ಪೊಟ್ಟಣ ಕೊಟ್ರಲ್ಲ?" ಎಂದು ಮೇಡಂ ನಕ್ಕರೆ, ಭಾಯ್ ದನಿ ತಗ್ಗಿಸಿ, "ಬೀಗರ ಮನೆಗೆ ಬರಿಗೈಲಿ ಬರೋಕಾಗತ್ತಾ? ಮೊದ್ಲು ಹೇಳಿ ಮೇಡಂ, ಹೊಟ್ಟೆಗೆ ಏನಾದ್ರೂ ತಗೊಂಡ್ಳಾ?" ಎಂದರು.